ಫೀಡ್ ಸಿಗದಿದ್ದಾಗ, ಹಳೆಯದು ಮರಳಿದಾಗ

ಪ್ರಶ್ನೆ: ಫೀಡ್ ರೀಡರ್‌ಗೆ (ತಾಣಗಳ ಹೊಸ ಬರಹಗಳ ಪಟ್ಟಿಯನ್ನು, ಅಂದರೆ ಫೀಡನ್ನು, ತಂದು ತೋರಿಸುವ ಆ್ಯಪ್‌ಗೆ) ಜಾಲತಾಣದ ವಿಳಾಸ ಕೊಟ್ಟರೆ ‘ಫೀಡ್ ಸಿಗಲಿಲ್ಲ’ ಎನ್ನುತ್ತದೆ. ಇನ್ನೊಂದು ತಾಣದ ಹಳೆಯ ಬರಹಗಳೆಲ್ಲ ಹೊಸದಾಗಿ ಮತ್ತೆ ಬಂದಿವೆ. ಏಕೆ?

ಉತ್ತರ: ತಾಣದಲ್ಲಿ ಫೀಡ್ ಸೂಚಿಸುವ ಕಿತ್ತಳೆ ಬಣ್ಣದ ಚಿಹ್ನೆ ಕಾಣದಿದ್ದರೂ ಫೀಡ್ ಇರಬಹುದು. ಕಂಪ್ಯೂಟರ್‌ನಲ್ಲಿ ಪುಟ ತೆರೆದು ಕಂಟ್ರೋಲ್ ಜೊತೆ ಯು ಒತ್ತಿ. ಆಗ ತೆರೆಯುವ ಮೂಲ ಕೋಡ್‌ನಲ್ಲಿ ಆರ್‌ಎಸ್‌ಎಸ್ ಅಥವಾ ಆಟಮ್ (ಫೀಡ್‌ನ ಎರಡು ಮಾದರಿಗಳು) ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿ, ಆ ಸಾಲಿನಲ್ಲಿರುವ ವಿಳಾಸವನ್ನೇ ರೀಡರ್‌ಗೆ ಅಂಟಿಸಿ. ವರ್ಡ್‌ಪ್ರೆಸ್ ಎಂಬ ತಂತ್ರಾಂಶದಿಂದ ಕಟ್ಟಿದ ತಾಣವಾದರೆ ಇಷ್ಟು ಕಷ್ಟ ಬೇಡ. ವಿಳಾಸದ ಕೊನೆಗೆ ಓರೆಗೆರೆ ಹಾಕಿ ಇಂಗ್ಲಿಷ್ ಅಕ್ಷರಗಳಲ್ಲಿ ಫೀಡ್ ಎಂದು ಸೇರಿಸಿದರೆ ಸಾಮಾನ್ಯವಾಗಿ ಸಾಕು.

ಹಳೆಯ ಬರಹಗಳು ಮರಳಿದ್ದು ನಿಮ್ಮ ತಪ್ಪಲ್ಲ. ಸಾಮಾನ್ಯವಾಗಿ ಪ್ರತಿ ಬರಹಕ್ಕೂ ಫೀಡ್‌ನಲ್ಲಿ ಅದರದೇ ಒಂದು ಗುರುತು ಇರುತ್ತದೆ, ಆರ್‌ಎಸ್‌ಎಸ್‌ನಲ್ಲಿ ಅದರ ಹೆಸರು ಜಿಯುಐಡಿ. ತಾಣದ ವಿಳಾಸ ಎಚ್‌ಟಿಟಿಪಿಯಿಂದ ಹೆಚ್ಚು ಸುರಕ್ಷಿತವಾದ ಎಚ್‌ಟಿಟಿಪಿಎಸ್‌ಗೆ ಹೋದಾಗ ಈ ಗುರುತೂ ಬದಲಾದರೆ, ರೀಡರ್ ಹಳೆಯದನ್ನೇ ಹೊಸತೆಂದು ಎಣಿಸುತ್ತದೆ. ರೀಡರ್‌ನಲ್ಲಿ ‘ಎಲ್ಲ ಓದಿದೆ’ ಎಂಬುದನ್ನು ಒಮ್ಮೆ ಒತ್ತಿ. ದಿನವೂ ಮರುಕಳಿಸಿದರೆ ತಾಣದವರಿಗೇ ತಿಳಿಸಬೇಕು.