ಸಂಪಾದಕರ ಉತ್ತರ: ಬ್ರಾಕೆಟ್ಟಿನಲ್ಲಿ ಇಟ್ಟ ಸಾಲು

ಈ ಸಲ ಒಂದೇ ಪತ್ರ. ಉತ್ತರ ಉದ್ದವಾಯಿತು, ಉಳಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು. ಬರೆದವರು ಹೆಸರು ಬೇಡ ಅಂದಿದ್ದಾರೆ. ಪತ್ರವನ್ನು ಸ್ವಲ್ಪ ಮೊಟಕು ಮಾಡಿದ್ದೇನೆ.

"ಎರಡು ತಿಂಗಳು ಒಣಕೆಮ್ಮು ಕಾಡಿತು. ಡಾಕ್ಟರ ಹತ್ತಿರ ಹೋದೆ. ಐದು ನಿಮಿಷವೂ ಕೂರಿಸಲಿಲ್ಲ, ಸಿರಪ್ ಬರೆದುಕೊಟ್ಟರು. ಒಂದು ರಾತ್ರಿ ನಿದ್ದೆ ಬರದೆ, ಹೆಸರು ಹಾಕದೆ ಬರೆಯಬಹುದಾದ ಒಂದು ಆನ್‌ಲೈನ್ ಗುಂಪಿನಲ್ಲಿ ಎಲ್ಲ ತೋಡಿಕೊಂಡೆ. ರಕ್ತಪರೀಕ್ಷೆಯ ಫೋಟೋ ಕೂಡ ಹಾಕಿದೆ. ಬೆಳಗಾಗುವಷ್ಟರಲ್ಲಿ ನಲವತ್ತು ಉತ್ತರ. ಟಿಬಿ ಅಂದವರಿದ್ದರು, ಅಲರ್ಜಿ ಅಂದವರಿದ್ದರು, ಕ್ಯಾನ್ಸರ್ ಅಂದವರೂ ಇದ್ದರು. ಒಬ್ಬರು ಮಾತ್ರ 'ದಿನಾ ಯಾವುದಾದರೂ ಮಾತ್ರೆ ತಗೋತೀರಾ?' ಅಂತ ಕೇಳಿದರು. ಬೇರೆ ಡಾಕ್ಟರು ಬಿಪಿಗೆ ಕೊಟ್ಟ ರಾಮಿಪ್ರಿಲ್ ನಾಲ್ಕು ತಿಂಗಳಿಂದ ತಗೋತಿದ್ದೇನೆ ಅಂದೆ. 'ಕೆಮ್ಮು ಅದರದ್ದೇ' ಅಂದರು. ಮಾತ್ರೆ ನಿಲ್ಲಿಸಿದೆ. ಮೂರು ವಾರದಲ್ಲಿ ಕೆಮ್ಮು ಹೋಯಿತು. (ಮಂಡಿನೋವಿಗೂ ಅದೇ ಗುಂಪಿನವರು ಹೇಳಿದ ಐಬುಪ್ರೊಫೆನ್ ನುಂಗುತ್ತೇನೆ, ಅದು ಬೇರೆ ವಿಷಯ.) ಮುಖ ಕಾಣದವರ ಮಾತು ಕೇಳಿ ಮಾತ್ರೆ ಬಿಡ್ತಾರಾ ಅಂತ ತಮ್ಮ ಈಗ ಬೈಯುತ್ತಿದ್ದಾನೆ. ಡಾಕ್ಟರಿಗೆ ಹೊಳೆಯದ್ದು ಅವರಿಗೆ ಹೊಳೆಯಿತಲ್ಲ? ನಿಮ್ಮ ಪತ್ರಿಕೆಯೂ ಇಂಥ ಗುಂಪುಗಳ ಬಗ್ಗೆ ಸುಮ್ನೆ ಹೆದರಿಸುವುದನ್ನೇ ಬರೆಯುತ್ತದೆ. ಯಾರು ಸರಿ, ಹೇಳಿ."

ನಿಮ್ಮ ತಮ್ಮನಿಗೆ ಬೇಜಾರಾಗಬಹುದು, ಆದರೆ ಮೊದಲು ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಂಡುಬಿಡೋಣ. ಆ ಅಪರಿಚಿತರ ಊಹೆ ಬಹುಮಟ್ಟಿಗೆ ಸರಿಯೇ ಇರಬೇಕು. ರಾಮಿಪ್ರಿಲ್, ಎನಾಲಾಪ್ರಿಲ್, ಲಿಸಿನೊಪ್ರಿಲ್ ಹೀಗೆ 'ಪ್ರಿಲ್' ಅಂತ ಕೊನೆಯಾಗುವ ಮಾತ್ರೆಗಳೆಲ್ಲ ಒಂದೇ ಮನೆತನದವು. ತೆಗೆದುಕೊಳ್ಳುವ ನೂರು ಜನರಲ್ಲಿ ಸುಮಾರು ಹತ್ತು ಜನಕ್ಕೆ ಒಣಕೆಮ್ಮು ಬರುತ್ತದೆ, ಹೆಂಗಸರಿಗೆ ಸ್ವಲ್ಪ ಜಾಸ್ತಿ. ರಕ್ತನಾಳವನ್ನು ಬಿಗಿಮಾಡುವ ಒಂದು ವಸ್ತು ದೇಹದಲ್ಲಿ ತಯಾರಾಗದಂತೆ ಈ ಮಾತ್ರೆ ತಡೆಯುತ್ತದೆ. ಅದರ ಜೊತೆಗೇ ಬ್ರಾಡಿಕೈನಿನ್ ಅನ್ನುವ ಇನ್ನೊಂದು ವಸ್ತು ಕರಗಿಹೋಗುವುದೂ ಕಡಿಮೆಯಾಗಿ, ಅದು ಶ್ವಾಸನಾಳದಲ್ಲಿ ಸೇರಿಕೊಳ್ಳುತ್ತದೆ. ಗಂಟಲಲ್ಲಿ ಕೆರೆತ, ಆಮೇಲೆ ಕೆಮ್ಮು. ಮಾತ್ರೆ ಶುರುಮಾಡಿದ ವಾರದಲ್ಲೇ ಬರಬಹುದು, ತಿಂಗಳುಗಳು ಕಳೆದ ಮೇಲೂ ಬರಬಹುದು. ಅದಕ್ಕೇ ಎರಡಕ್ಕೂ ಗಂಟು ಹಾಕಿ ನೋಡಲು ಯಾರಿಗೂ ತೋಚುವುದಿಲ್ಲ. ಸಿರಪ್ಪಿಗೆ ಬಗ್ಗುವ ಕೆಮ್ಮಲ್ಲ ಅದು. ಮಾತ್ರೆ ನಿಂತರೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಹೋಗುತ್ತದೆ. ನಿಮಗೂ ಹಾಗೇ ಆಗಿದೆ.

ನಿಮ್ಮ ಡಾಕ್ಟರು ಕೇಳಬೇಕಿತ್ತು. 'ಯಾವ ಮಾತ್ರೆ ತಗೋತಿದ್ದೀರಿ' ಅನ್ನುವುದು ಕೆಮ್ಮು ಅಂತ ಬಂದವರಿಗೆ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು. ಕೇಳದೆ ಸಿರಪ್ ಬರೆದದ್ದು ಅವರ ತಪ್ಪು. ಅವರ ಪರ ವಕಾಲತ್ತು ವಹಿಸಲು ನಾನು ಕೂತಿಲ್ಲ.

ಪತ್ರಿಕೆಯವರಾದ ನಾವು ಗುಂಪುಗಳನ್ನು ಕಂಡು ಮೂಗು ಮುರಿಯುವ ಹಾಗೂ ಇಲ್ಲ. ಹೆಸರು ಹೇಳದೆ ಕಾಯಿಲೆ ಕೇಳುವ ಚಾಳಿ ಹತ್ತಿಸಿದವರೇ ನಾವು. 1691ರಲ್ಲಿ ಲಂಡನ್ನಿನಲ್ಲಿ ಜಾನ್ ಡಂಟನ್ ಅನ್ನುವವರು 'ಅಥೀನಿಯನ್ ಮರ್ಕ್ಯುರಿ' ಅಂತ ಒಂದು ಪತ್ರಿಕೆ ಶುರುಮಾಡಿದರು. ಓದುಗರು ಹೆಸರಿಲ್ಲದೆ ಏನು ಬೇಕಾದರೂ ಕೇಳಬಹುದಿತ್ತು. ಪ್ರೀತಿ, ದೇವರು, ವಿಜ್ಞಾನ, ಮೈಯ ತೊಂದರೆ, ಯಾವುದಾದರೂ ಸರಿ. ದೊಡ್ಡ ಪಂಡಿತರ ಮಂಡಳಿಯೊಂದು ಉತ್ತರ ಕೊಡುತ್ತದೆ ಅಂತ ಓದುಗರು ನಂಬಿದ್ದರು. ಒಳಗೆ ಕೂತು ಬರೆಯುತ್ತಿದ್ದವರು ಮುಖ್ಯವಾಗಿ ಡಂಟನ್, ಒಬ್ಬ ಗಣಿತದ ಮೇಷ್ಟ್ರು, ಒಬ್ಬ ಪಾದ್ರಿ. ಅಂದರೆ ಕೇಳಿದವರಿಗೆ ಮಾತ್ರವಲ್ಲ, ಹೇಳಿದವರಿಗೂ ಮುಖ ಇರಲಿಲ್ಲ. ಇವತ್ತು ನೀವು ನನ್ನನ್ನು ಕೇಳುತ್ತಿದ್ದೀರಿ. ನಾನೂ ಡಾಕ್ಟರಲ್ಲ, ನೆನಪಿರಲಿ.

ಈಗ ಆ ನಲವತ್ತು ಉತ್ತರಗಳಿಗೆ ಬರೋಣ. ಒಬ್ಬರು ಸರಿ ಇದ್ದರು, ನಿಜ. ಆದರೆ ಆ ರಾತ್ರಿ ಅದು ಯಾರು ಅಂತ ನಿಮಗೆ ಗೊತ್ತಿತ್ತಾ? ಕ್ಯಾನ್ಸರ್ ಅಂದವರೂ ಅಷ್ಟೇ ಗಟ್ಟಿಯಾಗಿ ಬರೆದಿದ್ದರು. ಮೂರು ವಾರ ಆದಮೇಲೆ ಗೊತ್ತಾದದ್ದನ್ನು ಈಗ ಹಿಂದಕ್ಕೆ ಒಯ್ದು ಆ ರಾತ್ರಿಗೆ ಅಂಟಿಸುತ್ತಿದ್ದೀರಿ. ಅವರು ಮಾಡಿದ ಒಳ್ಳೆ ಕೆಲಸ ಊಹೆಯಲ್ಲ, ಪ್ರಶ್ನೆ. ಮೂವತ್ತೊಂಬತ್ತು ಜನ ನೀವು ಬರೆದದ್ದಕ್ಕೆ ಉತ್ತರ ಕೊಟ್ಟರು. ಇವರೊಬ್ಬರು ಬರೆಯದೆ ಬಿಟ್ಟದ್ದನ್ನು ಕೇಳಿದರು. ಬಿಪಿಗೂ ಕೆಮ್ಮಿಗೂ ಏನು ಸಂಬಂಧ ಅಂತ ಆ ಮಾತ್ರೆಯನ್ನು ನೀವೇ ಬಿಟ್ಟುಬಿಟ್ಟಿದ್ದಿರಿ.

ಆದರೆ ಅವರೂ ಒಂದೇ ಪ್ರಶ್ನೆಗೆ ನಿಂತರು. ಬಿಪಿ ಎಷ್ಟಿತ್ತು, ಸಕ್ಕರೆ ಕಾಯಿಲೆ ಇದೆಯಾ, ಹೃದಯದ ತೊಂದರೆ ಇದೆಯಾ ಅಂತ ಕೇಳಲಿಲ್ಲ. ಇದೇ ಮಾತ್ರೆಯನ್ನು ದುರ್ಬಲವಾದ ಹೃದಯಕ್ಕೂ ಕೊಡುತ್ತಾರೆ, ಸಕ್ಕರೆ ಕಾಯಿಲೆಯವರ ಕಿಡ್ನಿ ಕಾಯಲಿಕ್ಕೂ ಕೊಡುತ್ತಾರೆ. ಅಂಥವರು ತಾವೇ ನಿಲ್ಲಿಸಿದರೆ ಕಳೆದುಕೊಳ್ಳುವುದು ಬೇರೆ. ಡಾಕ್ಟರು ಆಗಿದ್ದರೆ 'ಪ್ರಿಲ್' ತೆಗೆದು ಆ ಜಾಗಕ್ಕೆ ಲೊಸಾರ್ಟನ್, ಟೆಲ್ಮಿಸಾರ್ಟನ್ ಥರದ್ದನ್ನು ಹಾಕುತ್ತಿದ್ದರು. ಅವುಗಳಿಂದ ಈ ಕೆಮ್ಮು ಬರುವುದು ಬಹಳ ಕಡಿಮೆ. ನಿಮಗೆ ಆದದ್ದೇನು? ಒಂದು ಹೋಯಿತು, ಬದಲಿಗೆ ಏನೂ ಬರಲಿಲ್ಲ. ಕೆಮ್ಮಾದರೆ ಸದ್ದು ಮಾಡುತ್ತದೆ. ಬಿಪಿ ಮಾಡುವುದಿಲ್ಲ.

ಅದಕ್ಕೇ ಪತ್ರ ಸಿಕ್ಕ ದಿನವೇ ನಿಮಗೆ ಎರಡು ಸಾಲು ಕಳಿಸಿದ್ದೆ, ಇವತ್ತೇ ಬಿಪಿ ನೋಡಿಸಿ ಅಂತ. ನೋಡಿಸಿದಿರಿ. 168/102. ತಲೆನೋವೂ ಇಲ್ಲ, ಏನೂ ಇಲ್ಲ, ಆರಾಮಾಗಿದ್ದೆ ಅಂತ ಬರೆದಿರಿ. ಆ ಆರಾಮಿನ ಬಗ್ಗೆಯೇ ನನಗೆ ಭಯ ಇದ್ದದ್ದು.

ನಾನು ದೊಡ್ಡ ಮನುಷ್ಯನ ಥರ ಮಾತಾಡುತ್ತಿದ್ದೇನೆ ಅನ್ನಿಸಿದರೆ ನನ್ನ ಕಥೆ ಕೇಳಿ. ಕೆಲವು ವರ್ಷದ ಹಿಂದೆ ತೊಡೆಸಂದಿಯಲ್ಲಿ ಹುಳುಕಡ್ಡಿ ಆಯಿತು. ಯಾರಿಗೆ ತೋರಿಸುವುದು? ಹೆಸರಿಲ್ಲದ ಒಂದು ಗುಂಪಿನಲ್ಲಿ ಕೇಳಿದೆ. ಯಾರೋ ಒಂದು ಮುಲಾಮಿನ ಹೆಸರು ಹೇಳಿದರು. ಹಚ್ಚಿದೆ. ಮೂರೇ ದಿನದಲ್ಲಿ ತುರಿಕೆ ಮಾಯ, ಕೆಂಪು ಮಾಯ. ಗುಂಪಿಗೆ ಹೋಗಿ ಧನ್ಯವಾದ ಬರೆದು ಬಂದೆ. ಎರಡು ತಿಂಗಳಲ್ಲಿ ಅದು ಸೊಂಟದವರೆಗೆ ಹಬ್ಬಿತ್ತು. ದುಂಡನೆಯ ಅಂಚು ಇರಲಿಲ್ಲ, ಮಸುಕು ಮಸುಕಾಗಿ ಹರಡಿಕೊಂಡಿತ್ತು, ನೋಡಿದರೆ ಹುಳುಕಡ್ಡಿ ಅನ್ನುವ ಹಾಗೇ ಇರಲಿಲ್ಲ. ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಏನು ಹಚ್ಚಿದ್ದೀರಿ ಅಂದರು. ಏನೂ ಇಲ್ಲ ಅಂದೆ.

ಅವರು ಮರುಮಾತಾಡಲಿಲ್ಲ. ಬ್ಲೇಡಿನ ಮೊಂಡು ಬದಿಯಿಂದ ಅಂಚನ್ನು ಮೆಲ್ಲಗೆ ಕೆರೆದು, ಉದುರಿದ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಹಿಡಿದು, ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನ ಒಂದು ಹನಿ ಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಮೈಕ್ರೋಸ್ಕೋಪ್ ನನ್ನ ಕಡೆ ತಿರುಗಿಸಿದರು. ದಾರದ ಎಳೆಗಳ ಹಾಗೆ ಕವಲೊಡೆದ ಶಿಲೀಂಧ್ರ, ತುಂಬಿ ತುಳುಕುವಷ್ಟು. "ಇಷ್ಟು ಚೆನ್ನಾಗಿ ಬೆಳೆಯಬೇಕಾದರೆ ಯಾರೋ ಗೊಬ್ಬರ ಹಾಕಿರಬೇಕು, ಅಲ್ವಾ?" ಅಂದರು. ಮುಲಾಮಿನಲ್ಲಿ ಸ್ಟೀರಾಯ್ಡ್ ಇತ್ತು. ಅದು ಚರ್ಮದ ಜಗಳವನ್ನು ಅಡಗಿಸುತ್ತದೆ, ಅದಕ್ಕೇ ತುರಿಕೆ ನಿಲ್ಲುತ್ತದೆ. ಶಿಲೀಂಧ್ರಕ್ಕೆ ಎದುರಾಳಿಯೇ ಇಲ್ಲದಂತಾಗುತ್ತದೆ. ಇದಕ್ಕೆ 1968ರಲ್ಲೇ ವೈದ್ಯರು ಇಟ್ಟ ಹೆಸರು 'ಟಿನಿಯಾ ಇನ್‌ಕಾಗ್ನಿಟೊ', ವೇಷ ಮರೆಸಿಕೊಂಡ ಹುಳುಕಡ್ಡಿ. ಹೆಸರು ಮುಚ್ಚಿಕೊಂಡು ಕೇಳಲು ಹೋದವನು ಕಾಯಿಲೆಗೂ ಮುಸುಕು ಹಾಕಿಸಿಕೊಂಡು ಬಂದಿದ್ದೆ. ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ಗುಂಪಿನಲ್ಲಿ ನನ್ನ ಧನ್ಯವಾದ ಇನ್ನೂ ಹಾಗೇ ಇದೆ. ಅದನ್ನು ಓದಿ ಎಷ್ಟು ಜನ ಅದೇ ಮುಲಾಮು ಕೊಂಡರೋ. ಮೂರನೇ ದಿನ ಬರೆಯುವವರು ಬಹಳ, ಮೂರನೇ ತಿಂಗಳು ಹಿಂದಿರುಗಿ ಬಂದು ಬರೆಯುವವರು ಕಡಿಮೆ. ನಾನೂ ಬರೆಯಲಿಲ್ಲ.

ಮುಲಾಮಿಗಿಂತ ನನ್ನನ್ನು ಇವತ್ತಿಗೂ ಚುಚ್ಚುವುದು ಆ 'ಏನೂ ಇಲ್ಲ'. ಅಪರಿಚಿತರಿಗೆ ಎಲ್ಲ ಹೇಳಿದ್ದೆ. ಮುಟ್ಟಿ ನೋಡಬಲ್ಲವರಿಗೆ ಸುಳ್ಳು ಹೇಳಿದೆ.

ನೀವು ಆ ರಾತ್ರಿ ಬರೆದದ್ದರ ಪ್ರತಿ ಕಳಿಸಿದ್ದೀರಿ, ಓದಿದೆ. ಕೆಮ್ಮು ಯಾವಾಗ ಶುರುವಾಯಿತು, ಮಲಗಿದರೆ ಜಾಸ್ತಿಯಾ, ಕಫ ಇದೆಯಾ, ಜ್ವರ ಬಂತಾ, ತೂಕ ಇಳಿದಿದೆಯಾ, ಎಲ್ಲ ಇದೆ. 'ಕೆಮ್ಮಿದಾಗ ಮೂತ್ರ ಜಾರುತ್ತದೆ, ಅದಕ್ಕೇ ಹೊರಗೆ ಹೋಗುವುದನ್ನೇ ಬಿಟ್ಟಿದ್ದೇನೆ' ಅನ್ನುವ ಸಾಲೂ ಇದೆ. (ಇದನ್ನು ಅಚ್ಚು ಮಾಡಲು ನಿಮ್ಮ ಒಪ್ಪಿಗೆ ಕೇಳಿ ಪಡೆದಿದ್ದೇನೆ.) ಡಾಕ್ಟರಿಗೆ ಏನು ಹೇಳಿದಿರಿ ಅಂತ ವಿಚಾರಿಸಿದೆ. "ಸ್ವಲ್ಪ ಕೆಮ್ಮು ಅಂದೆ." ನೋಡಿ, ಅವರಿಗೆ ಐದು ನಿಮಿಷ ಮಾತ್ರ ಇತ್ತು, ಆ ಐದು ನಿಮಿಷಕ್ಕೆ ನೀವು ಕೊಟ್ಟದ್ದು ಎರಡು ಪದ. ರಾತ್ರಿ ಬರೆದ ಆ ಒಂದೂವರೆ ಪುಟವನ್ನೇ ಕೈಗೆ ಕೊಟ್ಟಿದ್ದರೆ ಓದಲು ಒಂದು ನಿಮಿಷ ಸಾಕಿತ್ತು. ನಾಚಿಕೆ ಬಿಟ್ಟು, ತಡವರಿಸದೆ, ಯಾರೂ ಅಡ್ಡ ಬಾಯಿ ಹಾಕದೆ ಬರೆದದ್ದು ಅದು. ಯಾವ ಗುಂಪಿಗೆ ಬರೆದರೂ ಬರೆಯಿರಿ, ನಾನು ಬೇಡ ಅನ್ನುವುದಿಲ್ಲ. ಅದೇ ಹಾಳೆಯನ್ನು ಡಾಕ್ಟರ ಮೇಜಿನ ಮೇಲೂ ಇಡಿ, ತಗೊಳ್ಳುವ ಮಾತ್ರೆಗಳ ಹೆಸರು ಸೇರಿಸಿ.

ಆ ರಕ್ತಪರೀಕ್ಷೆಯ ಫೋಟೋ ವಿಷಯ. ಎರಡು ಅಂಕಿಗಳ ಪಕ್ಕ, ಮಿತಿಯ ಹೊರಗಿದೆ ಅನ್ನುವ ನಕ್ಷತ್ರದ ಗುರುತು ಇದೆ, ಅದಕ್ಕೇ ಅರ್ಧ ಗುಂಪು ಗಾಬರಿಯಾಗಿದೆ. ಇಂತಿಷ್ಟರಿಂದ ಇಂತಿಷ್ಟು ಸರಿ ಅನ್ನುವ ಮಿತಿಯನ್ನು ಸಾಮಾನ್ಯವಾಗಿ ನೂರು ಆರೋಗ್ಯವಂತರಲ್ಲಿ 95 ಜನ ಒಳಗೆ ಬರುವ ಹಾಗೆ ಎಳೆದಿರುತ್ತಾರೆ. ಉಳಿದ ಐವರೂ ಆರೋಗ್ಯವಂತರೇ. ಒಂದಕ್ಕೊಂದು ಸಂಬಂಧ ಇಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ಇಲ್ಲದ ನೂರು ಜನರಲ್ಲಿ ಸುಮಾರು 64 ಜನರ ವರದಿಯಲ್ಲಿ ಒಂದಾದರೂ ನಕ್ಷತ್ರ ಬಿದ್ದೇ ಬೀಳುತ್ತದೆ. ಇನ್ನೊಂದು ಮಾತು. ಎಡಮೂಲೆಯಲ್ಲಿ ನಿಮ್ಮ ಹೆಸರು, ವಯಸ್ಸು, ಫೋನ್ ನಂಬರ್ ನನಗೆ ಚೆನ್ನಾಗಿ ಕಾಣಿಸಿತು. ಗುಂಪಿನವರಿಗೂ ಕಂಡಿರಬೇಕು. ಮೊದಲು ತೆಗೆಸಿ.

ನಿಮ್ಮ ತಮ್ಮನಿಗೆ ಒಂದು ಉತ್ತರ ಬಾಕಿ ಇದೆ. ರೋಗಿಗಳು ತಾವೇ ಸೇರಿ ಮಾತಾಡಿಕೊಂಡರೆ ಬರೀ ಕೆಡುಕೇ ಅಂತಿಲ್ಲ. ಎಎಲ್ಎಸ್ ಅನ್ನುವ ನರಗಳ ಕಾಯಿಲೆಗೆ ಲಿಥಿಯಮ್ ಒಳ್ಳೆಯದು ಅಂತ 2008ರಲ್ಲಿ ಒಂದು ಚಿಕ್ಕ ಅಧ್ಯಯನ ಆಸೆ ಹುಟ್ಟಿಸಿತು. 'ಪೇಷಂಟ್ಸ್ ಲೈಕ್ ಮಿ' ಅನ್ನುವ ರೋಗಿಗಳ ಬಳಗದಲ್ಲಿ ನೂರಕ್ಕೂ ಹೆಚ್ಚು ಜನ ಅದನ್ನು ತೆಗೆದುಕೊಂಡು, ಎಷ್ಟು ತಗೊಂಡೆವು, ಮೈ ಹೇಗಿದೆ ಅಂತ ದಾಖಲಿಸುತ್ತಾ ಹೋದರು. ತೆಗೆದುಕೊಳ್ಳದವರ ದಾಖಲೆಗಳ ಜೊತೆ ಹೋಲಿಸಿ ನೋಡಿದಾಗ ಪ್ರಯೋಜನ ಕಾಣಲಿಲ್ಲ. 2011ರಲ್ಲಿ ಅದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. 'ನನಗೆ ಆರಾಮಾಯ್ತು' ಅನ್ನುವ ಸಾಲಿಗೂ ಇದಕ್ಕೂ ಇರುವ ದೂರ ನೋಡಿ. ಕಾಯಿಲೆಯ ಜೊತೆ ದಿನ ದೂಡುವುದು ಹೇಗೆ, ಆಪರೇಷನ್ ಆದ ವಾರ ಹೇಗಿರುತ್ತದೆ, ಇಂಥದ್ದನ್ನು ಅನುಭವಿಸಿದವರೇ ಹೇಳಬೇಕು. ಡಾಕ್ಟರಿಗೆ ಅದು ಗೊತ್ತಿರಬೇಕು ಅಂತಿಲ್ಲ.

ಕೆಲವಕ್ಕೆ ಮಾತ್ರ ಕೇಳುತ್ತಾ ಕೂರುವ ಹೊತ್ತೇ ಇಲ್ಲ. ಬಾಯಿ ಓರೆಯಾಯಿತು, ಕೈ ಎತ್ತಲಾಗುತ್ತಿಲ್ಲ ಅಂದರೆ ಪಾರ್ಶ್ವವಾಯು ಇರಬಹುದು, ಮೆದುಳಿನ ರಕ್ತನಾಳದ ಹೆಪ್ಪು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ. ಹದಿಹರೆಯದ ಹುಡುಗನಿಗೆ ಇದ್ದಕ್ಕಿದ್ದ ಹಾಗೆ ವೃಷಣದಲ್ಲಿ ವಿಪರೀತ ನೋವು ಬಂದರೆ, ಒಳಗೆ ರಕ್ತನಾಳ ತಿರುಚಿಕೊಂಡಿರಬಹುದು. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆದರೆ ಸಾಮಾನ್ಯವಾಗಿ ಉಳಿಯುತ್ತದೆ, ಒಂದು ದಿನ ಕಳೆದರೆ ಬಹುತೇಕ ಹೋದ ಹಾಗೆ. ಅಪ್ಪ ಅಮ್ಮನಿಗೆ ಹೇಳಲು ನಾಚಿ, ಹೆಸರಿಲ್ಲದೆ ರಾತ್ರಿ ಎಲ್ಲೋ ಬರೆದು ಉತ್ತರಕ್ಕೆ ಕಾಯುವ ವಯಸ್ಸೂ ಅದೇ. ಮನೆಯಲ್ಲಿ ಗಂಡುಮಕ್ಕಳಿದ್ದರೆ ಇದೊಂದನ್ನು ಮೊದಲೇ ಹೇಳಿಟ್ಟಿರಿ.

ಇನ್ನು ನಿಮ್ಮ ವಿಷಯ. ಬಿಪಿ ಡಾಕ್ಟರನ್ನು ಕಂಡೆ, ಮಾತ್ರೆ ಬಿಟ್ಟದ್ದನ್ನು ಒಪ್ಪಿಕೊಂಡೆ, ಬೈಯಲಿಲ್ಲ, ಬೇರೆ ಮಾತ್ರೆ ಕೊಟ್ಟರು, ಎಲ್ಲ ಹೇಳಿ ಹಗುರಾದೆ ಅಂತ ನಿನ್ನೆ ಬರೆದಿದ್ದೀರಿ. ಓದಿ ಖುಷಿಯಾಯಿತು. ಆದರೆ ಆ 'ಎಲ್ಲ'ದಲ್ಲಿ ನಿಮ್ಮ ಪತ್ರದ ಬ್ರಾಕೆಟ್ಟಿನ ಸಾಲು ಇತ್ತಾ? ಮಂಡಿನೋವಿನ ಆ ಐಬುಪ್ರೊಫೆನ್ ಬಿಪಿಯನ್ನು ಏರಿಸಬಲ್ಲದು. ನಿಮ್ಮ ಹಳೆ ಮಾತ್ರೆಯ ಜೊತೆಗೂ, ಹೊಸದು 'ಸಾರ್ಟನ್' ಮನೆತನದ್ದಾಗಿದ್ದರೆ ಅದರ ಜೊತೆಗೂ ಸೇರಿದರೆ ಕಿಡ್ನಿಗೆ ಭಾರ. ನೀವು ಅದನ್ನು ಬೇರೆ ವಿಷಯ ಅಂದಿದ್ದೀರಿ. ಈ ಉತ್ತರದ ಪ್ರತಿಯನ್ನು ಅಚ್ಚಿಗೆ ಮುಂಚೆಯೇ ನಿಮಗೆ ಕಳಿಸುತ್ತಿರುವುದು ಈ ಒಂದು ಪ್ಯಾರಾಕ್ಕಾಗಿ. ನಾಳೆ ಬೆಳಗ್ಗೆ ಅವರಿಗೆ ಫೋನ್ ಮಾಡಿ, ವಾರಕ್ಕೆ ಎಷ್ಟು ನುಂಗುತ್ತೀರಿ ಅಂತ ಲೆಕ್ಕ ಸಮೇತ ಹೇಳಿ.

— ಸಂಪಾದಕ