ಸುಟ್ಟಗಾಯದ ತರಬೇತಿಯನ್ನು ಅಳೆಯಲು ಯಾವ ಪ್ರಶ್ನೆಪತ್ರಿಕೆ ಒಳ್ಳೆಯದು?

ಕುಮಟಾ ಕಡೆಯ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಎರಡು ದಿನದ ಸುಟ್ಟಗಾಯ ತರಬೇತಿ ಕೊಡಲಿದ್ದೀರಿ, ಮೊದಲೂ ನಂತರವೂ ಕೊಡಬಹುದಾದ ಒಳ್ಳೆಯ ಪ್ರಶ್ನೆಪತ್ರಿಕೆ ಬೇಕೆಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಶಿರಸಿಯಲ್ಲಿ ಕುಳಿತು ನಾನೂ ಇದನ್ನೇ ಹುಡುಕುತ್ತಿದ್ದೆ. ಸಿಗದಿದ್ದಾಗ ನಾನೇ ಬರೆದೆ, ಚೆನ್ನಾಗಿಯೇ ಬರೆದೆ. ನನ್ನನ್ನು ಕೆಡಿಸಿದ್ದು ಅದೇ.

ಆಗ ನಾನು ಒಂದು ಸ್ವಯಂಸೇವಾ ಸಂಸ್ಥೆಯ ಪರವಾಗಿ ಘಟ್ಟದ ಮೇಲಿನ ಮತ್ತು ಕೆಳಗಿನ ನರ್ಸ್‌ಗಳಿಗೆ ತರಬೇತಿ ನಡೆಸುತ್ತಿದ್ದೆ. ನಮ್ಮಲ್ಲಿ ಜನ ಹೇಗೆ ಸುಟ್ಟುಕೊಳ್ಳುತ್ತಾರೆಂಬುದು ನಿಮಗೆ ಗೊತ್ತೇ ಇದೆ: ಅಡಿಕೆ ಬೇಯಿಸುವ ಹಂಡೆ, ಆಲೆಮನೆಯ ಕೊಪ್ಪರಿಗೆ, ಬಚ್ಚಲೊಲೆಯ ಬಿಸಿನೀರು. ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಸಬೇಕು, ಟೂತ್‌ಪೇಸ್ಟ್, ಶಾಯಿ, ದೋಸೆಹಿಟ್ಟು ಮೆತ್ತಬಾರದು, ಮೈಯ ಎಷ್ಟು ಭಾಗ ಸುಟ್ಟಿದೆ ಎಂಬ ಶೇಕಡಾವಾರು ಲೆಕ್ಕಕ್ಕೆ ಬರೀ ಕೆಂಪಾದ ಚರ್ಮವನ್ನು ಸೇರಿಸಬಾರದು ಎಂದೆಲ್ಲ ಕಲಿಸಿದೆವು. ಕೊನೆಗೆ, ಸುಟ್ಟವರ ರಕ್ತನಾಳಕ್ಕೆ ಎಷ್ಟು ದ್ರವ ಹಾಕಬೇಕೆಂದು ಹೇಳುವ ಪಾರ್ಕ್‌ಲ್ಯಾಂಡ್ ಸೂತ್ರ: ಕಿಲೋ ತೂಕಕ್ಕೆ, ಸುಟ್ಟ ಶೇಕಡಾ ಒಂದೊಂದಕ್ಕೆ, 4 ಮಿಲಿಲೀಟರ್ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ್ರಾವಣ, ಅದರಲ್ಲಿ ಅರ್ಧ ಮೊದಲ 8 ಗಂಟೆಗಳಲ್ಲಿ, ಉಳಿದರ್ಧ ಮುಂದಿನ 16 ಗಂಟೆಗಳಲ್ಲಿ. ಎರಡನೆಯ ದಿನದ ಸಂಜೆ ಅದೇ ಪ್ರಶ್ನೆಪತ್ರಿಕೆಗೆ ಎಲ್ಲರ ಅಂಕಗಳೂ ಏರಿದವು, ನನ್ನ ವರದಿಯಲ್ಲಿ ಸುಂದರವಾದ ಸ್ತಂಭಚಿತ್ರಗಳು ಬಂದವು.

ಈಗ ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ. ದ್ರವದ ಲೆಕ್ಕಕ್ಕೆ ನಾನು ಬರೆದಿದ್ದ ಪ್ರಶ್ನೆಯಲ್ಲಿ ರೋಗಿಯ ತೂಕ 50 ಕಿಲೋ, ಸುಟ್ಟದ್ದು ಶೇಕಡಾ 30. ಉತ್ತರ 6,000 ಮಿಲಿಲೀಟರ್, ಮೊದಲರ್ಧ 3,000, ಗಂಟೆಗೆ 375. ಎಲ್ಲರೂ ಸರಿಯಾಗಿ ಬರೆದರು. ಆದರೆ ಆ 8 ಗಂಟೆ ಎಣಿಕೆಯಾಗುವುದು ಸುಟ್ಟ ಕ್ಷಣದಿಂದ, ಆಸ್ಪತ್ರೆಯ ಬಾಗಿಲು ದಾಟಿದ ಕ್ಷಣದಿಂದ ಎಣಿಸುವಂತಿಲ್ಲ. ಪಾಠದಲ್ಲಿ ಇದನ್ನು ಹೇಳಿದ್ದೆವು, ಟಿಪ್ಪಣಿಯಲ್ಲಿಯೂ ಇತ್ತು. ಪ್ರಶ್ನೆಯಲ್ಲಿ ಮಾತ್ರ ಸುಟ್ಟ ಹೊತ್ತೂ ಬಂದ ಹೊತ್ತೂ ಒಂದೇ ಆಗಿದ್ದವು. ನನ್ನ ಕಾಗದದ ರೋಗಿ ಸುಟ್ಟುಕೊಂಡದ್ದು ಆಸ್ಪತ್ರೆಯ ಮೆಟ್ಟಿಲ ಮೇಲೆ. ಅವನಿಗೆ ದಾರಿಯೂ ಇರಲಿಲ್ಲ, ಜೀಪಿಗಾಗಿ ಕಾಯುವ ಕಷ್ಟವೂ ಇರಲಿಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿಯುವ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವನಿಗೆ ಇದು ಹೊಳೆಯಲಿಲ್ಲವೆಂಬುದು ನನಗೆ ಇಂದಿಗೂ ನಾಚಿಕೆಯ ವಿಷಯ.

ಮರುಚಳಿಗಾಲದ ಕೊಯ್ಲಿನಲ್ಲಿ, ಹಂಡೆಯಿಂದ ಬೆಂದ ಅಡಿಕೆ ತೆಗೆಯುವಾಗ ಜಾರಿದ ಒಬ್ಬ ಹುಡುಗನನ್ನು ರಾತ್ರಿ 9ಕ್ಕೆ ಘಟ್ಟದ ಮೇಲಿನ ಒಂದು ಆಸ್ಪತ್ರೆಗೆ ತಂದರು. ತೂಕವೂ ಗಾಯವೂ ಹೆಚ್ಚುಕಡಿಮೆ ನನ್ನ ಪ್ರಶ್ನೆಯಲ್ಲಿದ್ದಷ್ಟೇ. ಕರ್ತವ್ಯದಲ್ಲಿದ್ದ ನರ್ಸ್ ನಮ್ಮಲ್ಲಿ ಪೂರ್ಣ ಅಂಕ ಪಡೆದವರು. ಅವರು ಗಂಟೆಗೆ 375ರಂತೆ ಹಾಕಿದರು. ಹುಡುಗ ಸುಟ್ಟುಕೊಂಡದ್ದು ಸಂಜೆ 6ಕ್ಕೆ. ರಾತ್ರಿ 2ರೊಳಗೆ 3,000 ಒಳಗೆ ಹೋಗಬೇಕಿತ್ತು, ಅಂದರೆ ಗಂಟೆಗೆ 600. ಹೋದದ್ದು 1,875. ಸೂತ್ರ ಆರಂಭಕ್ಕೆ ಮಾತ್ರ, ವಯಸ್ಕರಲ್ಲಿ ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರ್ ಮೂತ್ರ ಬರುತ್ತಿದೆಯೇ ಎಂದು ನೋಡಿ ವೇಗ ತಿದ್ದಬೇಕು ಎಂಬುದನ್ನು ನಾವು ಹೇಳಿದ್ದೆವು, ಆದರೆ ಅದಕ್ಕೂ ಅಂಕವಿರಲಿಲ್ಲ. ಹುಬ್ಬಳ್ಳಿ ತಲುಪುವಾಗ ಅವನಿಗೆ ಮೂತ್ರ ತೀರಾ ಕಡಿಮೆಯಾಗಿತ್ತು. ಬದುಕಿದ, ಆದರೆ ವಾರಗಟ್ಟಲೆ ವಾರ್ಡಿನಲ್ಲಿದ್ದ.

ಸುಟ್ಟ ಹೊತ್ತು ನನಗೆ ತಿಳಿದದ್ದು ಅವನ ಅಣ್ಣನಿಂದ, ಬಹಳ ತಡವಾಗಿ. ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವ ಚೀಟಿಯಲ್ಲಿ ಅದನ್ನು ಬರೆಯಲು ಜಾಗವೇ ಇರಲಿಲ್ಲ. ನನ್ನ ವರದಿಯನ್ನು ಓದಿದ ಹಿರಿಯ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಚೀಟಿಗಳ ಕಟ್ಟನ್ನು ಮುಂದಿಟ್ಟು, "ಇವುಗಳಲ್ಲಿ ಸುಟ್ಟ ಸಮಯ ಎಲ್ಲಿದೆ, ತೋರಿಸಿ" ಎಂದರು. ತೋರಿಸಲಾಗಲಿಲ್ಲ. ಎರಡನೆಯ ಸುತ್ತಿನ ಹಣ ಅಲ್ಲಿಗೆ ನಿಂತಿತು. ನರ್ಸ್ ಹೇಳಿದ್ದು ಇಷ್ಟೇ: "ಸರ್, ನೀವು ಕೇಳಿದ ಹಾಗೆಯೇ ಮಾಡಿದೆ."

ಆದ್ದರಿಂದ ಪ್ರಶ್ನೆಪತ್ರಿಕೆ ಹುಡುಕುವುದನ್ನು ಬಿಡಿ ಎಂದೇ ಹೇಳುತ್ತೇನೆ. ಬಡ ದೇಶಗಳಲ್ಲೆಲ್ಲ ಹೀಗೆಯೇ ಅಳೆಯುತ್ತಾರಲ್ಲ ಎಂದು ನೀವು ಬರೆದಿದ್ದೀರಿ. ಅಗ್ಗವೆಂದು ಅಳೆಯುತ್ತಾರೆ. ಸುಟ್ಟಗಾಯದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,80,000 ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ, ಬಹುಪಾಲು ಸಾವುಗಳು ಇಂಥ ದೇಶಗಳಲ್ಲಿಯೇ. ಸಂಜೆಯ ಪರೀಕ್ಷೆಯ ಅಂಕ ಅವರಲ್ಲಿ ಒಬ್ಬರ ಸುದ್ದಿಯನ್ನೂ ಹೇಳುವುದಿಲ್ಲ. ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿಯೇ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಹೇಳಿದ್ದರು: ಬಂದವರ ಮೆಚ್ಚಿಕೆ, ಕಲಿಕೆ, ಕೆಲಸದಲ್ಲಿ ಆದ ಬದಲಾವಣೆ, ಕೊನೆಯ ಫಲ. ನಾನು ಎರಡನೆಯದರ ಮೇಲೆ ನಿಂತು ನಾಲ್ಕನೆಯದರ ವರದಿ ಬರೆದಿದ್ದೆ.

ತರಬೇತಿಗೆ ಇನ್ನೂ ಒಂದು ತಿಂಗಳಿದೆಯಲ್ಲ, ಆ ಅವಧಿಯನ್ನು ಹಳೆಯ ಚೀಟಿಗಳನ್ನು ಓದುವುದಕ್ಕೆ ಕೊಡಿ. ತರಬೇತಿ ಮುಗಿದ ಮೇಲೆ "ಮೊದಲು ಹೇಗಿತ್ತು" ಎಂಬುದು ಮತ್ತೆ ಸಿಗುವುದಿಲ್ಲ. ಚೀಟಿಯಲ್ಲಿ ಸುಟ್ಟ ಹೊತ್ತು, ಬಂದ ಹೊತ್ತು, ನೀರು ಹರಿಸಿದರೇ, ಅಂದಾಜಿಸಿದ ಶೇಕಡಾ, ಕೊಟ್ಟ ದ್ರವ, ಬಂದ ಮೂತ್ರ ಇವಿಷ್ಟಕ್ಕೆ ಜಾಗ ಮಾಡಿಸಿ. ನಿಮ್ಮ ನರ್ಸ್ ಶೇಕಡಾ 30 ಎಂದ ಗಾಯವನ್ನು ದೊಡ್ಡ ಆಸ್ಪತ್ರೆಯವರು ಎಷ್ಟೆಂದರು ಎಂಬುದನ್ನು ಆರು ತಿಂಗಳು ಹೋಲಿಸಿ ನೋಡಿ. ಮೇಲಧಿಕಾರಿಗಳು ಪರೀಕ್ಷೆ ಬೇಕೇ ಬೇಕೆಂದರೆ ಇಟ್ಟುಕೊಳ್ಳಿ, ಆದರೆ ರೋಗಿಯನ್ನು ಮೂರು ಗಂಟೆ ತಡವಾಗಿ, ಗಾಯಕ್ಕೆಲ್ಲ ಶಾಯಿ ಬಳಿದುಕೊಂಡು ಬಂದವನನ್ನಾಗಿ ಬರೆಯಿರಿ.