ಬೆಟ್ಟದ ಹೊಳೆಗಳಲ್ಲಿ ಗಾಳ ಹಾಕುತ್ತಾ ಸಾಗುವ ಹತ್ತು ದಿನಗಳ ಕಾರು ಪ್ರಯಾಣವನ್ನು ಹೇಗೆ ಯೋಜಿಸಬೇಕು?

ಬಯಲಿನ ಕೆರೆಗಳಲ್ಲಿ ಗಾಳ ಹಾಕಿ ಅಭ್ಯಾಸವಿರುವ ನೀವು ಮತ್ತು ನಿಮ್ಮ ಇಬ್ಬರು ಗೆಳೆಯರು ಬೇಸಿಗೆಯ ಕೊನೆಯಲ್ಲಿ ಹತ್ತು ದಿನ ರಜೆ ಹಾಕಿ, ಒಂದೇ ಕಾರಿನಲ್ಲಿ ಬೆಟ್ಟದ ಸೀಮೆಗೆ ಹೋಗಿ, ಐದು ಹೊಳೆಗಳಲ್ಲೂ ಎತ್ತರದ ಒಂದು ಸರೋವರದಲ್ಲೂ ಟ್ರೌಟ್ ಹಿಡಿಯಬೇಕೆಂದಿದ್ದೀರಿ. ನಕ್ಷೆಯಲ್ಲಿ ಅವುಗಳ ನಡುವಿನ ದೂರ ಕಡಿಮೆಯೇ ಕಾಣುತ್ತದೆ, ದಿನಗಳನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದು ನಿಮ್ಮ ಪ್ರಶ್ನೆ. ಇಂತಹ ಪ್ರಯಾಣಗಳನ್ನು ಹಲವು ವರ್ಷಗಳಿಂದ ಮಾಡುತ್ತಾ ಬಂದಿರುವ ನನ್ನ ಮೊದಲ ಸಲಹೆ ಇಷ್ಟು: ನಕ್ಷೆಯಲ್ಲಿ ಗುರುತು ಹಾಕಿಕೊಂಡಿರುವ ಪ್ರತಿಯೊಂದು ಜಾಗದ ಪಕ್ಕದಲ್ಲೂ ಅದು ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಎಂಬುದನ್ನು ಬರೆದುಕೊಳ್ಳಿ. ಕಿಲೋಮೀಟರುಗಳ ಲೆಕ್ಕಕ್ಕೆ ಆಮೇಲೆ ಬರೋಣ.

ಸಾವಿರ ಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಆದ್ದರಿಂದ ಬೆಟ್ಟದ ನಾಡಿನಲ್ಲಿ ಒಂದೇ ವಾರದಲ್ಲಿ ತಗ್ಗಿನ ಕಣಿವೆಯಲ್ಲಿ ಕಡುಬೇಸಿಗೆಯೂ, ನಡುವಿನ ಹೊಳೆಯಲ್ಲಿ ಹಿತವಾದ ತಂಪೂ, ಮೇಲಿನ ಸರೋವರದಲ್ಲಿ ಚಳಿಗಾಲದ ಅಂಚೂ ಇರಬಹುದು. ಟ್ರೌಟ್ ತಣ್ಣೀರಿನ ಮೀನು. ನೀರು 10ರಿಂದ 16 ಡಿಗ್ರಿಯೊಳಗೆ ಇದ್ದಾಗ ಅದು ಚುರುಕಾಗಿ ಮೇಯುತ್ತದೆ. 20 ಡಿಗ್ರಿ ದಾಟಿತೆಂದರೆ ಬಳಲುತ್ತದೆ. ಇದಕ್ಕೆ ಕಾರಣ ಆಮ್ಲಜನಕ. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲುದು, 20 ಡಿಗ್ರಿಯಲ್ಲಾದರೆ 9.1 ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಅದರಲ್ಲಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ಅಂತಹ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕಿ ಸೆಣಸಿದ ಮೀನನ್ನು ಎಷ್ಟೇ ಜೋಪಾನವಾಗಿ ನೀರಿಗೆ ಮರಳಿಸಿದರೂ ಅದು ಬದುಕದೇ ಹೋಗಬಹುದು. ಈ ಕಾರಣಕ್ಕೆ ನಾನು ಅಗ್ಗದ ಒಂದು ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ಸದಾ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ, ನೀರು 20 ಡಿಗ್ರಿ ಮುಟ್ಟಿದರೆ ಆ ದಿನದ ಗಾಳವನ್ನು ಅಲ್ಲಿಗೇ ಮುಗಿಸುತ್ತೇನೆ. ಇದನ್ನು ನೀವೂ ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ನನ್ನ ಮನವಿ.

ನೀವು ಹೊರಡುತ್ತಿರುವುದು ಬೇಸಿಗೆಯ ಕೊನೆಯಲ್ಲಿ. ಆ ಹೊತ್ತಿಗೆ ತಗ್ಗಿನ ಹೊಳೆಗಳಲ್ಲಿ ಬೆಳಗಿನ ಮೊದಲ ಎರಡು ಮೂರು ಗಂಟೆಗಳಷ್ಟೇ ಟ್ರೌಟಿಗೆ ಯೋಗ್ಯವಾಗಿರುತ್ತವೆ. ನಡುವಿನ ಎತ್ತರದ ಹೊಳೆಗಳು ದಿನದ ಹೆಚ್ಚಿನ ಪಾಲು ಚೆನ್ನಾಗಿರುತ್ತವೆ, ಎತ್ತರದ ಸರೋವರ ತನ್ನ ಅತ್ಯುತ್ತಮ ಕಾಲದಲ್ಲಿರುತ್ತದೆ. ಇದೇ ಪ್ರಯಾಣವನ್ನು ಬೇಸಿಗೆಯ ಆರಂಭದಲ್ಲಿ ಮಾಡುವುದಾಗಿದ್ದರೆ ನನ್ನ ಉತ್ತರ ತಲೆಕೆಳಗಾಗುತ್ತಿತ್ತು: ಆಗ ಸರೋವರದ ಮೇಲೆ ಇನ್ನೂ ಮಂಜುಗಡ್ಡೆ ಇರಬಹುದು, ನಡುವಿನ ಹೊಳೆಗಳು ಕರಗಿದ ಹಿಮದಿಂದ ಉಕ್ಕಿ ಹರಿಯುತ್ತಿರಬಹುದು, ತಗ್ಗಿನ ಚಿಕ್ಕ ತೊರೆಗಳೇ ಮೊದಲು ತಿಳಿಯಾಗುತ್ತವೆ.

ಎತ್ತರದ ನಂತರ ಗಮನಿಸಬೇಕಾದದ್ದು ಗಡಿಯಾರ. ಹಿಮ ಅಥವಾ ಹಿಮನದಿ ಕರಗಿ ತುಂಬುವ ಹೊಳೆಯಲ್ಲಿ ನೀರಿನ ಮಟ್ಟ ದಿನಕ್ಕೊಮ್ಮೆ ಏರಿ ಇಳಿಯುತ್ತದೆ. ರಾತ್ರಿಯ ಚಳಿಯಲ್ಲಿ ಕರಗುವಿಕೆ ನಿಲ್ಲುವುದರಿಂದ ನಸುಕಿನಲ್ಲಿ ನೀರು ಕಡಿಮೆಯೂ ತಿಳಿಯೂ ಆಗಿರುತ್ತದೆ; ಮಧ್ಯಾಹ್ನದ ಬಿಸಿಲಿಗೆ ಕರಗಿದ ನೀರು ಇಳಿಹೊತ್ತಿಗೆ ಬಂದು ಸೇರಿದಾಗ ಹೊಳೆ ಉಬ್ಬುತ್ತದೆ. ಹಿಮನದಿ ಅರೆದ ಕಲ್ಲಿನ ನುಣ್ಣನೆಯ ಪುಡಿ ಬೆರೆತರೆ ನೀರು ಹಾಲಿನಂತೆ ಮಂಕಾಗಿ, ಮೀನಿಗೆ ಗಾಳದ ಎರೆ ಕಾಣುವುದೇ ಕಷ್ಟವಾಗುತ್ತದೆ. ಹಿಮದಿಂದ ದೂರ ಹೋದಷ್ಟೂ ಈ ಉಬ್ಬರ ತಡವಾಗಿ ಬರುತ್ತದೆ, ಕೆಲವು ಕಡೆ ರಾತ್ರಿಯೇ ಬರುವುದುಂಟು. ನನ್ನ ಮೊದಲ ಪ್ರಯಾಣದಲ್ಲಿ ಇದರ ಅರಿವಿಲ್ಲದೆ, ಒಂಬತ್ತು ದಿನಗಳಲ್ಲಿ ಏಳು ಜಾಗಗಳನ್ನು ಮುಟ್ಟುವಂತೆ ಯೋಜಿಸಿ, ದಿನವೂ ಬೆಳಗ್ಗೆ ಕಾರು ಓಡಿಸಿ ಮಧ್ಯಾಹ್ನ ಮೂರರ ಸುಮಾರಿಗೆ ದಂಡೆ ತಲುಪುತ್ತಿದ್ದೆ. ಅತ್ಯುತ್ತಮವಾದ ಹೊತ್ತೆಲ್ಲ ರಸ್ತೆಯ ಮೇಲೆ ಕಳೆದುಹೋಗುತ್ತಿತ್ತು, ನಾನು ತಲುಪುವಾಗ ಹೊಳೆ ಕೆಂಪಗೆ ಉಕ್ಕುತ್ತಿರುತ್ತಿತ್ತು. ಐದನೆಯ ದಿನ, ಬೆಳಗ್ಗೆ ಮೊಣಕಾಲುದ್ದ ನೀರಿನಲ್ಲಿ ದಾಟಿ ಆಚೆ ದಂಡೆಗೆ ಹೋದ ನನ್ನ ಸಂಗಾತಿ ಸಂಜೆ ಹಿಂದಿರುಗಲಾಗದೆ, ನೀರು ಇಳಿಯುವವರೆಗೆ ಇರುಳಿಡೀ ಅಲ್ಲೇ ಚಳಿಯಲ್ಲಿ ಕೂತಿರಬೇಕಾಯಿತು. ಈಚೆ ದಂಡೆಯಲ್ಲಿ ದೀಪ ಹಿಡಿದು ಕಾದ ಆ ರಾತ್ರಿಯನ್ನು ನಾನು ಮರೆತಿಲ್ಲ. ಅಂದಿನಿಂದ ನಮ್ಮ ತಂಡದ ನಿಯಮ ಎರಡು: ಕಾರು ಓಡಿಸುವುದು ನಡುಹಗಲಿನಲ್ಲಿ, ಹೊಳೆಗೆ ಇಳಿಯುವುದು ಬೆಳಗಿನಲ್ಲಿ; ಮಧ್ಯಾಹ್ನದ ನಂತರ ಕಾರು ನಿಂತಿರುವ ದಂಡೆಯನ್ನು ಬಿಟ್ಟು ಆಚೆಗೆ ಯಾರೂ ದಾಟುವಂತಿಲ್ಲ.

ನೀರಿಗೆ ಇಳಿಯುವ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಕೆರೆಯ ಅಭ್ಯಾಸ ಇಲ್ಲಿ ಮೋಸ ಮಾಡುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಅದು ನಿಮ್ಮ ಕಾಲನ್ನು ದೂಡುವ ಬಲ ನಾಲ್ಕು ಪಟ್ಟಾಗುತ್ತದೆ. ಊರುಗೋಲು ಹಿಡಿದು, ಸೆಳವಿಗೆ ಮುಖಮಾಡಿ, ಒಂದು ಕಾಲು ಗಟ್ಟಿಯಾಗಿ ನಿಂತ ಮೇಲೆಯೇ ಇನ್ನೊಂದನ್ನು ಎತ್ತಿಡಿ. ತೊಡೆಗಿಂತ ಆಳಕ್ಕೆ ಹೋಗಬೇಡಿ. ಅಕಸ್ಮಾತ್ ಕೊಚ್ಚಿಹೋದರೆ ಎದ್ದು ನಿಲ್ಲಲು ಹವಣಿಸದೆ ಅಂಗಾತ ಮಲಗಿ, ಪಾದಗಳನ್ನು ಮುಂದಿಟ್ಟು, ದಂಡೆಯ ಕಡೆಗೆ ಓರೆಯಾಗಿ ತೇಲುತ್ತಾ ಬನ್ನಿ. ಬಂಡೆಗಳ ನಡುವೆ ಪಾದ ಸಿಕ್ಕಿಕೊಳ್ಳುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ. ನೀವು ಆರಿಸಿಕೊಂಡ ಹೊಳೆಗಳ ಮೇಲ್ಭಾಗದಲ್ಲಿ ಅಣೆಕಟ್ಟು ಇದೆಯೇ ಎಂದು ತಪ್ಪದೆ ನೋಡಿ. ಅಣೆಕಟ್ಟಿನ ಆಳದಿಂದ ಬಿಡುವ ತಣ್ಣೀರಿನಿಂದಾಗಿ ಅದರ ಕೆಳಗಿನ ಹರಿವಿನಲ್ಲಿ ಬೇಸಿಗೆಯಲ್ಲೂ ಟ್ರೌಟ್ ಚೆನ್ನಾಗಿರುತ್ತದೆ ಎಂಬುದು ನಿಜ. ಆದರೆ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಮಳೆಯ ಸುಳಿವೇ ಇಲ್ಲದೆ ಹೊಳೆ ಕೆಲವೇ ನಿಮಿಷಗಳಲ್ಲಿ ಏರುತ್ತದೆ. ನೀರು ಬಿಡುವ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿ, ಸೈರನ್ ಕೇಳಿದ ಕೂಡಲೇ ದಂಡೆಯ ಮೇಲೇರಿ.

ಇನ್ನು ದಿನಗಳ ಹಂಚಿಕೆ. ತಿರುವುಗಳ ರಸ್ತೆಯಲ್ಲಿ, ನಿಲುಗಡೆಗಳನ್ನೂ ಸೇರಿಸಿ, ನಾನು ಗಂಟೆಗೆ 30 ಕಿಲೋಮೀಟರಿಗಿಂತ ಹೆಚ್ಚು ಲೆಕ್ಕ ಹಿಡಿಯುವುದಿಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ದಿನವೆಂದರೆ ಡೇರೆ ಬಿಚ್ಚುವುದು, ಸಾಮಾನು ತುಂಬುವುದು, ಹೊಸ ದಂಡೆಗೆ ಇಳಿಯುವ ದಾರಿ ಹುಡುಕುವುದು ಎಲ್ಲವೂ ಸೇರಿ ಬಹುಪಾಲು ಮುಗಿದುಹೋದ ದಿನ. ಒಂದು ಹೊಳೆಯ ಮಡುಗಳು ಎಲ್ಲಿವೆ, ಮೀನು ಯಾವ ಬಂಡೆಯ ಹಿಂದೆ ನಿಲ್ಲುತ್ತದೆ, ಯಾವ ಹೊತ್ತಿಗೆ ಹುಳುಗಳು ನೀರಿನಿಂದ ಏಳುತ್ತವೆ ಎಂಬುದು ಅರ್ಥವಾಗುವುದೇ ಎರಡನೆಯ ದಿನ. ಆದ್ದರಿಂದ ಆರರಲ್ಲಿ ಮೂರನ್ನು ಬಿಟ್ಟುಬಿಡಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಯೇ ಇರದೆ ಕೆಳಗಿನ ಗೇರಿನಲ್ಲಿ ಇಳಿಯಿರಿ. ಕಾದ ಬ್ರೇಕು ಹಿಡಿತ ಕಳೆದುಕೊಳ್ಳುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಸುಮಾರು ನೂರಕ್ಕೆ ಹತ್ತರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ, ಮೂವರ ಸಾಮಾನು ಹೇರಿದ ಕಾರು ಏರಿನಲ್ಲಿ ಏದುಸಿರು ಬಿಡುವುದು ಸಹಜ. ಇಂಧನವನ್ನು ಅರ್ಧ ಟ್ಯಾಂಕಿಗೆ ಇಳಿಯುವ ಮೊದಲೇ ತುಂಬಿಸಿ. ನಕ್ಷೆಯನ್ನು ಫೋನಿನಲ್ಲಿ ಇಳಿಸಿಟ್ಟುಕೊಂಡು, ಕಾಗದದ ಒಂದು ಪ್ರತಿಯನ್ನೂ ಒಯ್ಯಿರಿ.

ಸರೋವರ 3,000 ಮೀಟರಿಗಿಂತ ಮೇಲಿದ್ದರೆ ದೇಹವೂ ಯೋಜನೆಯ ಭಾಗವಾಗಬೇಕು. 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೆ ಬೇಕಾದರೂ ಬರಬಹುದು, ವಯಸ್ಸಾಗಲಿ ಕಸುವಾಗಲಿ ಅದನ್ನು ತಡೆಯುವುದಿಲ್ಲ. 3,000 ಮೀಟರಿನ ಮೇಲೆ, ಮಲಗುವ ಜಾಗವನ್ನು ಒಂದು ರಾತ್ರಿಯಿಂದ ಇನ್ನೊಂದಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ತಲೆನೋವು, ವಾಕರಿಕೆ, ನಿದ್ರೆಗೇಡು ಕಾಣಿಸಿಕೊಂಡರೆ ಮೇಲೇರುವುದನ್ನು ನಿಲ್ಲಿಸಿ, ಹೆಚ್ಚಾದರೆ ಕೂಡಲೇ ಕೆಳಗಿಳಿಯಿರಿ. ಸರೋವರದ ದಂಡೆಯಲ್ಲಿ ಮಧ್ಯಾಹ್ನದ ಮೋಡ ಕವಿದು ಗುಡುಗಿದರೆ ಗಾಳದ ಕೋಲನ್ನು ಕೆಳಗಿಟ್ಟು ದೂರ ಸರಿಯಿರಿ. ಕಾರ್ಬನ್ ಎಳೆಯ ಕೋಲು ವಿದ್ಯುತ್ತನ್ನು ಹರಿಸುತ್ತದೆ.

ಪರವಾನಗಿಯ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. ಒಂದೇ ಹೊಳೆ ಆಡಳಿತದ ಗಡಿಯೊಂದನ್ನು ದಾಟಿದರೆ ಪರವಾನಗಿಯೂ ನಿಯಮಗಳೂ ಬದಲಾಗಬಹುದು. ಕಂದು ಟ್ರೌಟ್ ಶರತ್ಕಾಲದಲ್ಲಿ, ಕಾಮನಬಿಲ್ಲಿನ ಟ್ರೌಟ್ ಸಾಮಾನ್ಯವಾಗಿ ವಸಂತದಲ್ಲಿ ನುರುಜುಗಲ್ಲಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಡುವುದರಿಂದ, ಆಯಾ ಕಾಲದಲ್ಲಿ ಹಲವು ಹೊಳೆಗಳನ್ನು ಮುಚ್ಚಿರುತ್ತಾರೆ. ತೆರೆದಿರುವ ಹೊಳೆಯಲ್ಲೂ, ಸುತ್ತಲಿಗಿಂತ ತೊಳೆದಂತೆ ಬೆಳ್ಳಗೆ ಕಾಣುವ ನುರುಜಿನ ತಾಣದ ಮೇಲೆ ದಯವಿಟ್ಟು ಕಾಲಿಡಬೇಡಿ. ಅದರಡಿಯಲ್ಲಿ ಮೊಟ್ಟೆಗಳಿರುತ್ತವೆ.

ಸಲಕರಣೆ ಕಡಿಮೆ ಸಾಕು: ಮೂರು ನಾಲ್ಕು ತುಂಡುಗಳಾಗಿ ಬಿಚ್ಚಿಡಬಹುದಾದ ಹಗುರ ಕೋಲು, ಒಂದು ಹೆಚ್ಚುವರಿ ಕೋಲು, ಗಂಟಿಲ್ಲದ ರಬ್ಬರಿನ ಕೈಬಲೆ, ನೀರಿನ ಮೇಲಿನ ಹೊಳಪನ್ನು ತಡೆಯುವ ಕನ್ನಡಕ, ಒಣ ಬಟ್ಟೆಯ ಒಂದು ಜೊತೆ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿಬಿಡಿ. ಬಿಡಬೇಕೆಂದಿರುವ ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಇಲ್ಲವಾದರೆ ಅದನ್ನು ಸೋಂಕಿನಿಂದ ಕಾಯುವ ಲೋಳೆ ಕಿತ್ತುಬರುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಅದನ್ನು ನೀರಿನಿಂದ ಹೊರಗೆ ಇಡಬೇಡಿ, ಚಿತ್ರ ತೆಗೆಯುವುದಕ್ಕೂ ಅಷ್ಟೇ ಸಮಯ.

ಹೊಳೆಯಿಂದ ಹೊಳೆಗೆ ಹೋಗುವವರ ಮೇಲೆ ಇನ್ನೊಂದು ಹೊಣೆಯಿದೆ. ನಿಮ್ಮ ಬೂಟು, ಬಲೆ, ಒದ್ದೆ ಬಟ್ಟೆಗಳ ಜೊತೆ ಒಂದು ಕಣಿವೆಯ ಪಾಚಿಯೂ ರೋಗಾಣುಗಳೂ ಇನ್ನೊಂದಕ್ಕೆ ಪ್ರಯಾಣ ಮಾಡುತ್ತವೆ. ಡಿಡಿಮೊ ಎಂಬ ಸೂಕ್ಷ್ಮ ಪಾಚಿ 2004ರಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಹೊಳೆಯೊಂದರಲ್ಲಿ ಕಾಣಿಸಿಕೊಂಡು, ಹೊಳೆಯಿಂದ ಹೊಳೆಗೆ ಹಬ್ಬಿ, ತಳದ ಕಲ್ಲುಗಳನ್ನು ಒದ್ದೆ ಉಣ್ಣೆಯಂತೆ ಮುಚ್ಚಿತು. ತೇವ ಹಿಡಿದಿಟ್ಟುಕೊಳ್ಳುವ ಫೆಲ್ಟ್ (ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಅಡಿಯ ಬೂಟುಗಳನ್ನು ಆ ದೇಶ 2008ರಲ್ಲಿ ನಿಷೇಧಿಸಿತು. ಪ್ರತಿ ಜಾಗ ಬಿಡುವಾಗ ಮಣ್ಣು, ಎಲೆ, ಪಾಚಿಗಳನ್ನು ಉಜ್ಜಿ ತೆಗೆದು, ಸೋಪಿನ ನೀರಿನಲ್ಲಿ ತೊಳೆದು, ಮುಟ್ಟಿದರೆ ಒಣಗಿದೆ ಎನಿಸಿದ ಮೇಲೂ 48 ಗಂಟೆ ಹಾಗೆಯೇ ಬಿಡಬೇಕು. ಅಷ್ಟು ಸಮಯ ಇಲ್ಲದವರು ಎರಡು ಜೊತೆ ಬೂಟು ಒಯ್ಯಬಹುದು. ನಿಲುಗಡೆಗಳನ್ನು ಕಡಿಮೆ ಮಾಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಹಂಚುತ್ತಿದ್ದೆ. ಮೊದಲ ದಿನ ಪ್ರಯಾಣಕ್ಕೆ, ಎರಡನೆಯ ದಿನದ ನಸುಕು ತಗ್ಗಿನ ಹೊಳೆಗೆ. ಬಿಸಿಲೇರಿದ ಮೇಲೆ ನಡುವಿನ ಎತ್ತರಕ್ಕೆ ಏರಿ, ಅಲ್ಲಿನ ಅತ್ಯುತ್ತಮ ಹೊಳೆಯ ದಂಡೆಯಲ್ಲಿ ನಾಲ್ಕು ರಾತ್ರಿ. ಅಷ್ಟರಲ್ಲಿ ದೇಹ ಎತ್ತರಕ್ಕೆ ಒಗ್ಗಿಕೊಳ್ಳುತ್ತದೆ, ಬೂಟುಗಳ ಒಂದು ಜೊತೆಯೂ ಒಣಗಿರುತ್ತದೆ. ಆರನೆಯ ದಿನದ ನಡುಹಗಲಿನಲ್ಲಿ ಮೇಲೇರಿ ಎರಡು ರಾತ್ರಿ ಸರೋವರದಲ್ಲಿ. ಅಲ್ಲಿ ತೊರೆ ಬಂದು ಸೇರುವ ಬಾಯಿಯನ್ನೂ, ಗಾಳಿ ತೇಲಿಸಿ ತಂದ ಹುಳುಗಳು ಸೇರುವ ದಂಡೆಯನ್ನೂ ಮೊದಲು ನೋಡಿ. ಎಂಟನೆಯ ದಿನ ಕೆಳಗಿಳಿದು, ನಾಲ್ಕು ದಿನದಲ್ಲಿ ಪರಿಚಯವಾದ ನಡುವಿನ ಹೊಳೆಗೇ ಮರಳಿ. ಒಂಬತ್ತನೆಯ ದಿನವನ್ನು ಕುಸಿದ ರಸ್ತೆಗೋ ಬಿರುಮಳೆಗೋ ಖಾಲಿ ಇಟ್ಟುಕೊಳ್ಳಿ. ಎರಡೂ ಎದುರಾಗದಿದ್ದರೆ ಆ ಬೆಳಗು ಕೂಡ ಅದೇ ಹೊಳೆಯಲ್ಲಿ ನಿಮ್ಮದೇ.